ಹಳದಿ ಬಟನ್‌ಗಳ ಬದಿ

"ಸದ್ದು ಕಮ್ಮಿ ಇರೋ ಬಟನ್ ಬೇಕು. ಮನೇಲಿ ಹಗಲು ಹೊತ್ತು ಒಬ್ಬರು ಮಲಗಿರ್ತಾರೆ."

ಹೀಗೆಂದವನು ಕಣ್ಣು ಮುಚ್ಚಿಕೊಂಡು, ಒಂದೊಂದೇ ಬಟನ್ನನ್ನು ಕಿವಿಯ ಹತ್ತಿರ ಹಿಡಿದು ಒತ್ತುತ್ತಿದ್ದ. ಟಕ್... ಟಕ್... ಚಿಕ್ಕಪ್ಪನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮಾರಾಟ, ರಿಪೇರಿ ಎರಡನ್ನೂ ನೋಡಿಕೊಳ್ಳುತ್ತಿದ್ದ ಅವಳು ಅವನ ಕೈಯಿಂದ ಕಣ್ಣು ಕೀಳಲಿಲ್ಲ. ಇಷ್ಟೊಂದು ಶಾಸ್ತ್ರ ಮಾಡುವವನು ಒಂದೆರಡನ್ನು ಜೇಬಿಗಿಳಿಸಿದರೂ ಆಶ್ಚರ್ಯವಿರಲಿಲ್ಲ.

ಅವನು ಕದಿಯಲಿಲ್ಲ. ಇಬ್ಬರು ನಿಂತು ಆಡುವಂಥ ವಿಡಿಯೊ ಗೇಮ್ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡುತ್ತಿದ್ದೇನೆ ಎಂದ. ತನ್ನ ಬದಿಗೆ ಗಟ್ಟಿ ಸ್ಪ್ರಿಂಗಿನ ಕೆಂಪು ಬಟನ್ ಆರಿಸಿದ. ಆಮೇಲೆ ಉಳಿದವನ್ನು ಅವಳತ್ತ ಸರಿಸಿ, ನಿಮ್ಮ ಬೆರಳಿಗೆ ಹಗುರ ಅನ್ನಿಸುವುದು ಯಾವುದು ಎಂದು ಕೇಳಿದ. ಅವಳು ಹಳದಿಯದನ್ನು ತೋರಿಸಿದಳು. ಇನ್ನೊಂದು ಬದಿಗೆ ಅದನ್ನೇ ಕಟ್ಟಿಸಿಕೊಂಡು ಹೋದ.

ಹೆಣ್ಣಿನ ಬೆರಳಿಗೆ ಹಗುರ... ಹಗಲು ಮಲಗಿರುವವರು... ಯಾರಿರಬಹುದು?

ಅವಳಿಗೇಕೆ ಬೇಕಿತ್ತು ಆ ಉಸಾಬರಿ! ಆದರೆ ಟಕಟಕ ಮತ್ತೆ ಮತ್ತೆ ಬಂದ. ಅವನಿಗೆ ಹಾಗೆ ಹೆಸರಿಟ್ಟವರು ಚಿಕ್ಕಪ್ಪ. ಒಮ್ಮೆ ವೈರು ಕೇಳಿಕೊಂಡು ಬಂದ, ಒಮ್ಮೆ ಕ್ಲಿಪ್ಪು ಕೇಳಿಕೊಂಡು, ಒಮ್ಮೆ ಏನು ಬೇಕೆಂಬುದನ್ನೇ ಮರೆತು. ಅವನು ಬಂದಾಗ ಅವಳ ಮುಖ ಅರಳುತ್ತಿತ್ತು, ಹೋದ ಮೇಲೆ ತಲೆಯಲ್ಲಿ ಹುಳ ಕೊರೆಯುತ್ತಿತ್ತು. ಹಿಂದೆ ಮದುವೆ ನಿಶ್ಚಯವಾಗಿದ್ದವನಿಗೆ ಬೇರೆ ಊರಿನಲ್ಲಿ ಹೆಂಡತಿಯಿದ್ದದ್ದು ಗೊತ್ತಾದಂದಿನಿಂದ ಅವಳು ನಗುವ ಗಂಡಸರನ್ನು ನಂಬುತ್ತಿರಲಿಲ್ಲ. ಇನ್ನೊಮ್ಮೆ ಮೋಸ ಹೋದರೆ ತಾಳುವ ಶಕ್ತಿ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವನು, ಹಳದಿ ಬದಿ ಕೆಲಸ ಮಾಡುತ್ತಿಲ್ಲ, ಮನೆಗೆ ಬಂದು ನೋಡುತ್ತೀರಾ ಎಂದ. ಚಿಕ್ಕಪ್ಪ ಹೋಗಿ ಬಾ ಎಂದರು.

'ಇವತ್ತು ಇವನ ಗುಟ್ಟು ರಟ್ಟು ಮಾಡಿಯೇ ಬರ್ತೀನಿ' ಎಂದುಕೊಂಡು ಅವಳು ಹೊರಟಳು.

ಬಾಗಿಲಲ್ಲೇ ಹೆಂಗಸಿನ ಚಪ್ಪಲಿ. ಮುಚ್ಚಿದ ಕೋಣೆಯೊಳಗಿಂದ ಯಾರೋ ಕೆಮ್ಮಿದ ಸದ್ದು. ವೈರು ಸರಿ ಮಾಡಿಕೊಟ್ಟು, ಇನ್ನು ಇವನ ಮುಖ ನೋಡಬಾರದೆಂದು ಅವಳು ಅಲ್ಲೇ ತೀರ್ಮಾನಿಸಿದಳು.

ಪೆಟ್ಟಿಗೆಯ ಹಿಂಬದಿ ತೆರೆದು ನೋಡಿದರೆ ವೈರುಗಳೆಲ್ಲ ಜಡೆ ಹೆಣೆದಷ್ಟು ಅಚ್ಚುಕಟ್ಟಾಗಿದ್ದವು. ಎಲ್ಲ ಬಟನ್‌ಗಳಿಗೂ ಒಂದೇ ಆದ ಗ್ರೌಂಡ್ ವೈರು ಒಂದು ಬಟನ್ನಿನಿಂದ ಮುಂದಿನದಕ್ಕೆ ಹಾದುಹೋಗುತ್ತದೆ. ಮೊದಲನೆಯದರಲ್ಲೇ ತಪ್ಪಿದರೆ ಸಾಲಿಗೆ ಸಾಲೇ ಸತ್ತ ಹಾಗೆ. ಹಳದಿ ಬದಿಯಲ್ಲಿ ಆ ಮೊದಲ ಕ್ಲಿಪ್ಪೇ ಕಳಚಿತ್ತು. ಅದರ ತುದಿಗೆ ನೀಟಾಗಿ ಟೇಪು ಸುತ್ತಿತ್ತು.

ಹಾಕಲು ಮರೆತವರು ಟೇಪು ಸುತ್ತುವುದಿಲ್ಲ.

"ಇದನ್ನ ನೀವೇ ಕಿತ್ತಿದ್ದೀರಿ."

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ನಿದ್ದೆಗಣ್ಣಿನ ಹೆಂಗಸೊಬ್ಬರು ಹೊರಗೆ ಬಂದರು.

"ಹಳದಿ ಬಟನ್‌ನವರು ನೀವೇನಾ? ನೈಟ್ ಡ್ಯೂಟಿ ಮುಗಿಸಿ ಆಸ್ಪತ್ರೆಯಿಂದ ಬಂದ್ರೆ ಈ ನನ್ನ ತಮ್ಮನಿಗೆ ನಿಮ್ಮದೇ ಪುರಾಣ. ಬಟನ್ ಸದ್ದು ಕಮ್ಮಿ ಆಯ್ತು, ಇವನ ಬಾಯಿ ಸದ್ದು ಕಮ್ಮಿ ಆಗಲಿಲ್ಲ."

ಹೀಗೆ ಹೇಳಿ ಅಕ್ಕ ಅಡುಗೆಮನೆಗೆ ನಡೆದರು.

ಅಕ್ಕ... ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

"ಸುಮ್ನೆ ಕರೆದ್ರೆ ಬರಲ್ಲ, ರಿಪೇರಿ ಅಂದ್ರೆ ಬರ್ತೀರಿ ಅನ್ನಿಸ್ತು," ಎಂದ ಅವನು. "ಆ ಬದಿ ನಿಮಗೇ ಅಂತ ಮಾಡಿದ್ದು. ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ತನ್ನ ಹಳೆಯ ನಿಶ್ಚಿತಾರ್ಥದ ಕಥೆಯನ್ನು ನಿಂತಲ್ಲೇ ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ.

"ನನಗೆ ಸುಳ್ಳು ಅಂದ್ರೆ ಆಗಲ್ಲ. ಎಷ್ಟೇ ಸಣ್ಣದಾದ್ರೂ."

"ಇದೇ ಕೊನೆ."

ಅವಳು ಟೇಪು ಬಿಚ್ಚಿ ಕ್ಲಿಪ್ಪನ್ನು ಅದರ ಜಾಗಕ್ಕೆ ತಳ್ಳಿದಳು. ಅವನು ಹಿಂಬದಿಯ ಹಲಗೆ ಮುಚ್ಚಲು ಬಂದಾಗ ಕೈ ಅಡ್ಡ ಹಿಡಿದಳು.

"ಅದು ತೆರೆದೇ ಇರಲಿ. ನಾನು ನೋಡ್ತಾ ಇರ್ತೀನಿ."

"ಎಲ್ಲೀವರೆಗೆ?"

"ನಂಬಿಕೆ ಬರೋವರೆಗೆ."

"ತುಂಬಾ ದಿನ ಹಿಡಿಯುತ್ತಾ?"

"ಹಿಡಿದ್ರೆ ಹಿಡೀಲಿ. ಪಕ್ಕದಲ್ಲೇ ಇರ್ತೀನಲ್ಲ," ಎಂದು ಅವಳು ಮುಂದಕ್ಕೆ ಬಂದು ಹಳದಿ ಬದಿಯಲ್ಲಿ ನಿಂತು ಬಟನ್ ಒತ್ತಿದಳು.