ಜೈತುನಬಿಯ ಸರಿ

ಸಮಸ್ತ ನಾಗರಿಕರ ಗಮನಕ್ಕೆ: ಎರಡು ಸಾವಿರದ ಐವತ್ತೆಂಟನೆಯ ಇಸವಿ, ಜುಲೈ ತಿಂಗಳ ಒಂಬತ್ತನೆಯ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ, ಹುಬ್ಬಳ್ಳಿಯ ಲೋಹ ಸಂಶೋಧನಾಲಯದಲ್ಲಿ, ಮುನ್ನೂರು ಜನ ಗಣ್ಯರ ಸಮಕ್ಷಮ, ಒಂದು ತಾಮ್ರದ ತಂತಿಯು ತುದಿಯಲ್ಲಿ ಕಾಲು ಇಂಚಿನಷ್ಟು ಬೆತ್ತಲೆಯಾಯಿತು.

ತಂತಿ ಬೆತ್ತಲಾಗಲು ಹಿಡಿದದ್ದು ಎರಡು ಸೆಕೆಂಡು. ಚಪ್ಪಾಳೆ ನಿಲ್ಲಲು ಎರಡು ನಿಮಿಷ.

ಇಷ್ಟಕ್ಕೆಲ್ಲ ಚಪ್ಪಾಳೆಯೇ ಎನ್ನುವವರು ಮೋಟಾರು ಬಿಚ್ಚಿ ನೋಡಿದವರಲ್ಲ. ಮೋಟಾರಿನೊಳಗಿನ ತಾಮ್ರದ ತಂತಿ ಬಹಳ ಮಡಿವಂತ. ಮೈತುಂಬ ಎನಾಮಲ್ ಎಂಬ ತೆಳ್ಳನೆಯ ಮೆರುಗಿನ ಅಂಗಿ ತೊಟ್ಟಿರುತ್ತದೆ. ಸುತ್ತು ಸುತ್ತು ಒಂದಕ್ಕೊಂದು ಮುಟ್ಟಿದರೆ ಮೈಲಿಗೆಯಾಗಿ ಮೋಟಾರು ಸುಟ್ಟುಹೋಗದಿರಲಿ ಎಂದು ಈ ಮಡಿ. ಆದರೆ ಬೆಸುಗೆ ಹಾಕುವಾಗ ಇದೇ ಮಡಿ ಅಡ್ಡ. ಅಂಗಿ ತೊಟ್ಟ ತಾಮ್ರಕ್ಕೆ ಬೆಸುಗೆ ಹತ್ತುವುದಿಲ್ಲ. ತುದಿಯಷ್ಟನ್ನು ಬ್ಲೇಡಿನಿಂದ ಕೆರೆಯಬೇಕು, ಇಲ್ಲವೇ ಸುಟ್ಟು ಹೊಗೆ ಕುಡಿಯಬೇಕು.

ಡಾಕ್ಟರ್ ಗುರುಪಾದ ಹೊಂಬಳರ ಡಬ್ಬಿ ಬಂದಮೇಲೆ ಕೆರೆತವೂ ಇಲ್ಲ, ಹೊಗೆಯೂ ಇಲ್ಲ. ಊಟದ ಡಬ್ಬಿಯಷ್ಟೇ ದೊಡ್ಡದಾದ ಅದರೊಳಗೆ ಕದಡಿದ ಗಂಜಿಯಂಥ ದ್ರವ. ದ್ರವದೊಳಗೆ ಒಂದು ಕಿಣ್ವ, ಅಂದರೆ ಸೂಕ್ಷ್ಮಜೀವಿ ತನ್ನ ಊಟ ಕರಗಿಸಿಕೊಳ್ಳಲು ಬಿಡುವ ರಸ. ಅದು ಎನಾಮಲ್ಲನ್ನು ತಿನ್ನುತ್ತದೆ, ತಾಮ್ರದ ಮೈ ಮುಟ್ಟುವುದಿಲ್ಲ. ಸರ್ಕಾರಿ ಕಾಗದದಲ್ಲಿ ಡಬ್ಬಿಯ ಹೆಸರು 'ನಿರಾವರಣಿ'. ತಂತಿ ಸುಲಿಯುವುದರಿಂದ ಜನ ಕರೆದದ್ದು 'ಸುಲಿಗೆ ಡಬ್ಬಿ'.

ಐವತ್ತು ಅಂಗಡಿಗಳಲ್ಲಿ ಪರೀಕ್ಷೆಗೆ ಕೊಟ್ಟ ಒಂದೇ ವರ್ಷದಲ್ಲಿ ಊರು ಬದಲಾಗಿತ್ತು. ಖಾಲಿ ಸೈಟಿನಲ್ಲಿ ಹಳೇ ತಂತಿ ಸುಟ್ಟು ತಾಮ್ರ ತೆಗೆಯುತ್ತಿದ್ದ ಹೆಂಗಸರ ಕೆಮ್ಮು ನಿಂತಿತ್ತು. ಕೂದಲಿಗಿಂತ ತೆಳುವಾದ ತಂತಿ ಕೆರೆಯಲು ಬಾರದೆಂದು ಎಸೆಯುತ್ತಿದ್ದ ಕಿವಿಯ ಯಂತ್ರಗಳು ಬೀದಿ ಮೂಲೆಯಲ್ಲೇ ರಿಪೇರಿಯಾಗಿ, ಸೊಸೆಯರು ಏನೆನ್ನುತ್ತಾರೆಂದು ಅತ್ತೆಯರಿಗೆ ಕೇಳಿಸತೊಡಗಿತ್ತು. ಎಲ್ಲ ಆವಿಷ್ಕಾರಕ್ಕೂ ಒಂದು ಅಡ್ಡ ಪರಿಣಾಮ ಇದ್ದೇ ಇರುತ್ತದೆ.

ಮುಂದಿನದು 'ಅಖಂಡ ತಾಮ್ರ ವಿಮೋಚನಾ ಯೋಜನೆ': ದೇಶದ ಪ್ರತಿ ಊರಿಗೂ ಡಬ್ಬಿ, ಪ್ರತಿ ಡಬ್ಬಿಯ ಮೇಲೂ ಹೊಂಬಳರ ಹೆಸರು. ಪೇಟೆಂಟ್ ಬರುವುದೊಂದೇ ಬಾಕಿ. ಕಿಣ್ವಕ್ಕೆ ಅವರು ಆಗಲೇ 'ಹೊಂಬಳೇಸ್' ಎಂದು ನಾಮಕರಣ ಮಾಡಿ ಮುಗಿಸಿದ್ದರು.

ಅಂದಿನ ಸಭೆಯಲ್ಲಿ ಡಬ್ಬಿಯ ಪಕ್ಕ ಒಬ್ಬ ಮುದುಕಿಯನ್ನೂ ಕೂರಿಸಿದ್ದರು. ಎಪ್ಪತ್ತೆಂಟರ ಜೈತುನಬಿ, ಹಳೇ ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದವಳು. ಕಾರ್ಯಕ್ರಮ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, 'ಹಳೆಯ ಪದ್ಧತಿಯ ಪ್ರದರ್ಶನ' ಎಂದಿತ್ತು. ಅವಳು ಬ್ಲೇಡು ಹಿಡಿದು ನಲವತ್ತು ಸೆಕೆಂಡು ಕೆರೆದಳು. ಸಭೆ ಗಡಿಯಾರ ನೋಡಿ ನಕ್ಕಿತು. ಅವಳೂ ನಕ್ಕಳು, ಮೆಲ್ಲಗೆ.

ಚಹಾದ ಹೊತ್ತಿನಲ್ಲಿ ಅವಳು ಡಬ್ಬಿಯ ಮೇಲೆ ಬಾಗಿ ಮೂಸಿ ನೋಡಿದಳು.

"ಹೊಂಬಳೇಸ್ ಅಂದ್ರೆಲ್ಲ ಸರ, ಏಸ್ ಮಂದಿ ಹೊಂಬಳ ಅದಾರ್ರಿ ಇದ್ರಾಗ?"

ಕಿಣ್ವದ ಹೆಸರು 'ಏಸ್' ಎಂದು ಮುಗಿಯುವುದು ವಿಜ್ಞಾನದ ರೂಢಿ. 'ಏಸ್' ಎಂದರೆ 'ಎಷ್ಟು' ಎನ್ನುವುದು ಹುಬ್ಬಳ್ಳಿಯ ರೂಢಿ.

"ಒಬ್ಬನ, ಚಾಚಿ," ಎಂದರು ಹೊಂಬಳ.

"ಹೌದ? ವಾಸನಿ ಮಾತ್ರ ನಮ್ಮ ಸರೀದ ಇದ್ದಂಗೈತಿ."

"ಹುಳಿ ವಾಸನಿ ಎಲ್ಲಾ ಒಂದ ಇರ್ತಾವ."

ಹೀಗೆನ್ನುವಾಗ ಅವರು ಅವಳ ಮುಖ ನೋಡಲಿಲ್ಲ. ನೋಡಿದ್ದು ಅವಳ ಹೆಬ್ಬೆರಳಿನ ಉಗುರನ್ನು. ನಲವತ್ತು ವರ್ಷ ಬ್ಲೇಡು ಆನಿಸಿ ಆನಿಸಿ ಅದರ ನಡುವೆ ಒಂದು ಗೀರು ಬಿದ್ದಿತ್ತು. ಚಹಾ ಕುಡಿಯದೆ ಕೆಳಗಿಟ್ಟರು.

ಯಾಕೆಂದರೆ ಅದು ಅವಳದೇ ಸರಿ. ಸರಿ ಎಂದರೆ ಮೈದಾ ಕುದಿಸಿ ಮಾಡುವ ಅಂಟು. ರಿಪೇರಿಯಾದ ಮೋಟಾರಿಗೆ ಗಿರಾಕಿಯ ಹೆಸರಿನ ಚೀಟಿ ಅಂಟಿಸಲು ಅವಳ ಅಂಗಡಿಯಲ್ಲಿ ಒಂದು ಸರಿ ಗಡಿಗೆ ಇತ್ತು. ಊರವರ ಹೆಸರನ್ನೆಲ್ಲ ಅಂಟಿಸಿದ ಗಡಿಗೆ. ತೊಳೆಯದೆ, ಹಳೆಯದರ ಮೇಲೇ ಹೊಸದು ಸುರಿಯುವುದು ಅವಳ ಪದ್ಧತಿ. ತಂತಿಯ ಚೂರುಗಳು ಅದರಲ್ಲಿ ಬೀಳುತ್ತಿದ್ದವು. ವರ್ಷಗಟ್ಟಲೆ ಎನಾಮಲ್ಲನ್ನೇ ಉಣ್ಣುತ್ತ ಬಂದ ಯಾವುದೋ ಜೀವಿ ಅದರ ರುಚಿ ಕಲಿತುಬಿಟ್ಟಿತು. ಸಂಜೆ ಅದ್ದಿಟ್ಟ ತುದಿ ಬೆಳಿಗ್ಗೆ ಕೆಂಪಗೆ ಥಳಥಳ.

ಇಪ್ಪತ್ತರ ಹರೆಯದಲ್ಲಿ ಗುರುಪಾದ ಕಾಲೇಜಿನಿಂದ ಅಲ್ಲಿಗೆ ಒಂದು ತಿಂಗಳ ತರಬೇತಿಗೆ ಹೋಗಿದ್ದಾಗ ಅವಳು ಅದನ್ನು ತೋರಿಸಿದ್ದಳು. "ಯಾಕ ಹಿಂಗಾಗತೈತಿ ತಮ್ಮಾ, ಕಾಲೇಜಿನ್ಯಾಗ ಕೇಳಿ ಹೇಳು," ಎಂದಿದ್ದಳು. ತಮ್ಮ ಯಾರನ್ನೂ ಕೇಳಲಿಲ್ಲ. ನಕ್ಕು ಬಂದ.

ಎಂಟು ವರ್ಷದ ಹಿಂದೆ ಅಂಗಡಿ ಮುಚ್ಚುವ ಸುದ್ದಿ ಕೇಳಿ ಹೊಂಬಳ ಹೋಗಿ, ನೆನಪಿಗೆ ಇರಲಿ ಎಂದು ಗಡಿಗೆ ಬೇಡಿದರು. ಅವಳು ಅರಿವೆ ಕಟ್ಟಿ, ಚೆಲ್ಲದ ಹಾಗೆ ಹಿಡಿದುಕೊಳ್ಳಲು ಹೇಳಿ ಕೊಟ್ಟಳು. ಗಡಿಗೆಯ ಜೀವಿಯ ರಸ ಸೋಸಿ ಗಟ್ಟಿ ಮಾಡಿದಾಗ, ರಾತ್ರಿಯಿಡೀ ಹಿಡಿಯುತ್ತಿದ್ದ ಕೆಲಸ ಎರಡು ಸೆಕೆಂಡಿಗೆ ಇಳಿಯಿತು. ಪೇಟೆಂಟ್ ಅರ್ಜಿಯಲ್ಲಿ 'ಮೂಲ' ಎಂಬಲ್ಲಿ ಹೊಂಬಳ ಬರೆದದ್ದು: ಹುಬ್ಬಳ್ಳಿ ಪರಿಸರದ ತ್ಯಾಜ್ಯ. ಆ ಪದ ಬರೆದ ದಿನ ಕೈ ಎರಡು ಸಲ ತೊಳೆದುಕೊಂಡಿದ್ದರು. ಹುಳಿ ವಾಸನೆ ಹೋಗಿರಲಿಲ್ಲ.

ಸಭೆಯಾದ ಮೂರನೆಯ ವಾರ ಪೇಟೆಂಟ್ ಕಚೇರಿ ಒಂದು ತಕರಾರು ಎತ್ತಿತು. ಹೊಂಬಳ ಉತ್ತರ ಬರೆದರು. ಸೆಪ್ಟೆಂಬರಿನಲ್ಲಿ ಅಂತಿಮ ಪತ್ರ ಬಂತು. ಎರಡೇ ಹಾಳೆ.

'ಅರ್ಜಿದಾರರು ಹೊಸದೆನ್ನುವ ವಿಧಾನವು ೨೦೨೬ರ ಕಾಲೇಜು ವಾರ್ಷಿಕ ಸಂಚಿಕೆಯ ನಲವತ್ತೊಂದನೆಯ ಪುಟದಲ್ಲಿ ಅಚ್ಚಾಗಿದೆ. ಅಚ್ಚಾದದ್ದು ಹೊಸದಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಲೇಖನದ ಶೀರ್ಷಿಕೆ: ಸರಿಯೋ ತಪ್ಪೋ. ಕರ್ತೃ: ಗುರುಪಾದ ಹೊಂಬಳ, ಆರನೆಯ ಸೆಮಿಸ್ಟರ್. ವಿಧಾನದ ಕರ್ತೃ, ಲೇಖನದ ಪ್ರಕಾರವೇ: ಜೈತುನಬಿ, ವೈಂಡಿಂಗ್ ಕೆಲಸ. ಲೇಖನವು ಕೇವಲ ಹಾಸ್ಯ ಎಂಬ ಅರ್ಜಿದಾರರ ವಾದವನ್ನು ಪರಿಶೀಲಿಸಲಾಯಿತು. ಕಚೇರಿಯಲ್ಲಿ ಯಾರಿಗೂ ನಗು ಬರಲಿಲ್ಲ.'

ಜಗತ್ತಿನ ರದ್ದಿಯನ್ನೆಲ್ಲ ಓದಿಟ್ಟುಕೊಂಡಿದ್ದ ಕಚೇರಿಯ ಯಂತ್ರ ಅದನ್ನು ಹುಡುಕಿ ತೆಗೆದಿತ್ತು. ಗೇಲಿ ರಂಗೇರಲಿ ಎಂದು ಹುಡುಗ ಒಂದೂ ವಿವರ ಬಿಟ್ಟಿರಲಿಲ್ಲ: ಎಷ್ಟು ಮುಷ್ಟಿ ಮೈದಾ, ಎಷ್ಟು ದಿನದ ಹುಳಿ, ಎಷ್ಟು ತಾಸು ಅದ್ದಬೇಕು. ಯಾರು ಬೇಕಾದರೂ ಓದಿ ಮಾಡಿಕೊಳ್ಳುವಂತಿತ್ತು. ಮೂವತ್ತೆರಡು ವರ್ಷ ಯಾರೂ ಮಾಡಿಕೊಳ್ಳಲಿಲ್ಲ, ಎಲ್ಲರೂ ನಗುವುದರಲ್ಲಿದ್ದರು. ೨೦೨೬ ಎಂದರೆ ದೂರದ ಮಾತಲ್ಲ. ಕೆದಕಿದರೆ ನಿಮ್ಮ ಮನೆಯ ರದ್ದಿಯಲ್ಲೂ ಆ ಸಂಚಿಕೆ ಸಿಕ್ಕೀತು.

ವಿಮೋಚನಾ ಯೋಜನೆ ಕಡತದೊಳಗೇ ಬಂದಿಯಾಯಿತು. ಸರಿ ಈಗ ಎಲ್ಲರ ಸ್ವತ್ತು. ಹೊಂಬಳ ಪತ್ರ ಜೇಬಿಗಿಟ್ಟುಕೊಂಡು ಹಳೇ ಹುಬ್ಬಳ್ಳಿಗೆ ನಡೆದರು.

ಜೈತುನಬಿ ಹೊಸ್ತಿಲಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಕನ್ನಡಕ ಒಳಗಿದೆ, ನೀವೇ ಓದಿ ಎಂದಳು. ಪತ್ರಕ್ಕೆ ಸಾಕ್ಷಿಯಾಗಿ ಆ ಪುಟದ ನಕಲೂ ಇತ್ತು. ಹೊಂಬಳ ಓದಿದರು. 'ಚಾಚಿಯ ಸರಿಯಲ್ಲಿ ಅದ್ದಿದ ತಂತಿ ಬೆತ್ತಲೆಯಾಗಿ ಏಳುತ್ತದೆ. ನಾಚಿಕೆ ಪಡಬೇಕಾದದ್ದು ತಂತಿಯೋ, ಚಾಚಿಯೋ?' ಎಂಬ ಸಾಲಿಗೆ ಬಂದಾಗ ಹಾಳೆ ಕೆಳಗಿಳಿಸಿದರು. ಮತ್ತೆ ಮೊದಲಿನಿಂದ ಓದಬೇಕಾಯಿತು.

"ನನ್ನ ಹೆಸರು ಛಾಪ ಆಗೈತೇನು ಅದರಾಗ?"

"ಆಗೈತಿ, ಚಾಚಿ. ಮೂವತ್ತೆರಡ ವರ್ಷ ಆತು. ಚೇಷ್ಟಿ ಮಾಡಿ ಬರದಿದ್ದೆ."

ಅವಳು ಸೊಪ್ಪಿನ ದಂಟು ಮುರಿದು ಪಕ್ಕಕ್ಕಿಟ್ಟಳು. 'ಸರ' ಎನ್ನುವುದು ಅವಳ ಬಾಯಿಂದ ಬಿದ್ದುಹೋಗಿತ್ತು.

"ಚೇಷ್ಟಿ ಇರ್ಲಿ ತಮ್ಮಾ. ಯಾಕ ಹಂಗಾಗತೈತಿ ಅಂತ ಕೇಳಿದ್ನಲ್ಲ, ಅದನ್ನ ಬರದೀಯೇನು?"

ಹೊಂಬಳ ಪುಟ ತಿರುವಿದರು. ಮೈದಾದ ಲೆಕ್ಕವಿತ್ತು, ಹುಳಿಯ ಲೆಕ್ಕವಿತ್ತು. ಅವಳ ಪ್ರಶ್ನೆ ಮಾತ್ರ ಅದರಲ್ಲಿರಲಿಲ್ಲ.