ರಿಗ್ಗಿನ ಮೇಲಿನ ಹಾಜರಿ

ಕೆಲಸದ ಮೊದಲ ದಿನವೇ ಅವಳು ಬೇಸ್ತು ಬಿದ್ದಿದ್ದಳು. ದಡದ ಆಫೀಸಿನ ರೇಡಿಯೋ ಮುಂದೆ ಕೂತು ಸಂಜೆಯ ಹಾಜರಿ ಕೂಗಿದಾಗ, ನಡುಗಡಲಲ್ಲಿ ಎಣ್ಣೆಬಾವಿ ಕೊರೆಯುವ ರಿಗ್ಗಿನಿಂದ ಡ್ರಿಲ್ಲರ್ "ಇದ್ದೀನಿ" ಎಂದ, ಕ್ರೇನಿನವನು ಕೆಮ್ಮಿ "ಇದ್ದೀನಿ" ಎಂದ, ಅಡುಗೆಯವನು ಮೂಗಿನಲ್ಲಿ ರಾಗ ಎಳೆದ. ಅಡುಗೆಯವರಿಗೆ ನೆಗಡಿಯೇ ಎಂದು ಇವಳು ವಿಚಾರಿಸಿದ್ದೇ ತಡ, ಆ ಕಡೆ ನಗು ಉಕ್ಕಿತು.

"ಅದೂ ನಾನೇ ಮೇಡಂ. ಇಲ್ಲಿರೋನು ನಾನೊಬ್ಬನೇ, ಕಾವಲಿಗೆ."

ಸರ್ಕಾರ ಬಿದ್ದಿತ್ತು. ಎಣ್ಣೆ ಹುಡುಕಲು ಸಹಿ ಹಾಕಬೇಕಾದ ಮಂತ್ರಿ ಕುರ್ಚಿಗೆ ಬೆನ್ನು ಆನಿಸುವ ಮೊದಲೇ ಇನ್ನೊಬ್ಬ ಬರುತ್ತಿದ್ದ. ಕೊರೆಯುವ ಕೆಲಸ ನಿಂತು ಎಲ್ಲರೂ ದಡ ಸೇರಿದ್ದರು. ಆದರೂ ಹಾಜರಿ ತಪ್ಪಬಾರದೆಂಬುದು ರಿಗ್ಗಿನ ಕಟ್ಟಳೆ. ಉಳಿದವನೇ ಎಲ್ಲರ ಪರವಾಗಿ ಓಗೊಡಬೇಕು.

ಹಾಜರಿ ಮುಗಿದ ಮೇಲೆ ಹರಟೆ. ಊಟಕ್ಕೆ ಏನಿತ್ತೆಂದು ಹೇಳಿ ಅವಳು ಅವನ ಹೊಟ್ಟೆ ಉರಿಸುವಳು. ಇವತ್ತು ಜಡೆ ಹಾಕಿಲ್ಲ ಅಲ್ವಾ ಎಂದು ಅವನು ದನಿಯಿಂದಲೇ ಊಹಿಸುವನು. ಮುಖವನ್ನೇ ನೋಡದವನಿಗಾಗಿ ಅವಳು ಕನ್ನಡಿ ಮುಂದೆ ನಿಲ್ಲತೊಡಗಿದಳು. ಗಾಳಿ ಜೊತೆ ಸಂಸಾರ ಹೂಡ್ತೀಯೇನೇ ಎಂದು ಚಿಕ್ಕಮ್ಮ ಛೇಡಿಸಿದಳು. ಯಾರು ಏನಾದರೂ ಅನ್ನಲಿ, ಅವಳಿಗೆ ಅವನು ಬೇಕಾಗಿದ್ದ.

ಮೂರನೇ ಸರ್ಕಾರವೂ ಬಿದ್ದ ಮೇಲೆ ಅವನ ಹರಟೆ ಕಡಿಮೆಯಾಯಿತು. 'ನಾನು' ಹೋಗಿ 'ನಾವು' ಬಂತು. ಒಂದು ಸಂಜೆ ಡ್ರಿಲ್ಲರ್ ಇನ್ನೂ "ಇದ್ದೀನಿ" ಎನ್ನುತ್ತಿರುವಾಗಲೇ ಕ್ರೇನಿನವನು ಕೆಮ್ಮಿದ. ಒಂದೇ ಗಂಟಲಿಂದ ಎರಡು ದನಿ ಒಟ್ಟಿಗೆ ಹೊರಡುವುದುಂಟೇ?

ದಡಕ್ಕೆ ಬಾ ಎಂದು ಅಂಗಲಾಚಿದಳು. ತಾನು ಬಂದರೆ ಇವರಿಗೆ ಯಾರು ಗತಿ ಎಂದ ಅವನು, ನಿದ್ದೆಗಣ್ಣಿನಲ್ಲಿ ಮಾತಾಡುವವರ ಹಾಗೆ. ಹೀಗೇ ಬಿಟ್ಟರೆ ಅವನು ಅವರೊಳಗೊಬ್ಬನಾಗಿ ಹೋಗುತ್ತಾನೆಂದು ಅವಳಿಗೆ ಖಾತ್ರಿಯಾಯಿತು. ಅಪ್ಪಣೆಯಿಲ್ಲದೆ ಬೋಟ್ ಕಳಿಸಿದರೆ ಕೆಲಸಕ್ಕೆ ಸಂಚಕಾರ. ಹೋದರೆ ಹೋಗಲಿ ಎಂದು ಮರುದಿನವೇ ಕಳಿಸಿದಳು. ಬೋಟು ಹೋಗಿ ರಿಗ್ಗಿನ ಬುಡದಲ್ಲಿ ನಿಂತು ಸೀಟಿ ಊದಿದರೂ ಅವನು ಏಣಿ ಇಳಿಯುತ್ತಿಲ್ಲವೆಂದು ಬೋಟಿನವನು ರೇಡಿಯೋದಲ್ಲಿ ತಿಳಿಸಿದ.

ಅವಳು ಮೈಕ್ ಒತ್ತಿ ಹಾಜರಿ ಕೂಗಿದಳು. ಡ್ರಿಲ್ಲರ್ ಇದ್ದ, ಕ್ರೇನಿನವನು ಇದ್ದ, ಅಡುಗೆಯವನೂ ಇದ್ದ.

"ನನ್ನನ್ನ ಮದುವೆ ಆಗೋನು?"

ಗರಗರ ಸದ್ದಿನ ನಡುವಿನಿಂದ ನಡುಗುವ ದನಿಯೊಂದು ಬಂತು.

"ಇದ್ದೀನಿ ಕಣೇ. ಇಳೀತಾ ಇದ್ದೀನಿ."

ಬೋಟಿನಿಂದ ಇಳಿದವನು ದಡದಲ್ಲಿ ಕಾಯುತ್ತಿದ್ದ ಅವಳನ್ನು ಕಂಡು ಕಿವಿಯವರೆಗೂ ಕೆಂಪಾದ. ದನಿಗಿಂತ ಕುಳ್ಳ ಎಂದು ಅವಳು ರೇಗಿಸಿದಳು. ದನಿಗಿಂತ ಜೋರು ಎಂದು ಅವನು ತಿರುಗೇಟು ಕೊಟ್ಟ. ಕೈ ಹಿಡಿದೇ ಇಬ್ಬರೂ ಆಫೀಸಿಗೆ ಬಂದರು.

ರೇಡಿಯೋ ಗರಗರ ಎನ್ನುತ್ತಿತ್ತು. ಯಾರೂ ಹಾಜರಿ ಕೂಗದಿದ್ದರೂ ಖಾಲಿ ರಿಗ್ಗಿನಿಂದ ಡ್ರಿಲ್ಲರ್, ಕ್ರೇನಿನವನು, ಅಡುಗೆಯವನು ಸರದಿಯಂತೆ ಓಗೊಟ್ಟರು. ಕೊನೆಗೆ ಬಂದದ್ದು ಅವನದೇ ದನಿ.

"ಇದ್ದೀನಿ ಕಣೇ. ಬೋಟ್ ಇನ್ನೂ ಬರ್ಲಿಲ್ಲ."

ಪಕ್ಕದಲ್ಲಿದ್ದವನು ಬಿಳಿಚಿಕೊಂಡ. ಅವಳು ಅವನ ಮುಖ ನೋಡಿದಳು, ಇವತ್ತಿಗೆ ಮೊದಲು ಎಂದೂ ನೋಡಿರದ ಮುಖವನ್ನು. ಭಯವಾಯಿತು. ಆದರೂ ಹಿಡಿದ ಕೈ ಬಿಡದೆ, ಇನ್ನೊಂದು ಕೈಯಿಂದ ರೇಡಿಯೋ ಆರಿಸಿದಳು.

"ನೀನು ಯಾರಾದ್ರೂ ಆಗಿರು," ಎಂದಳು, "ನಾನು ಕರೆದಾಗ ಏಣಿ ಇಳಿದು ಬಂದೋನು ನೀನು."