ಶೇಷಗಿರಿಗೆ ಎದ್ದ ಸಿಡುಬು

ಬೆಳಿಗ್ಗೆ ತುಳಸಿಬಾಯಿ ಪೆಟ್ಟಿಗೆ ತೆರೆದರು. ಮಗಳ ಮದುವೆಗೆ ಇಟ್ಟಿದ್ದ ಬಂಗಾರದ ಬೋರಮಾಳ ಸರ ಇರಲಿಲ್ಲ.

ಮಾನ್ವಿ ಠಾಣೆಯ ಅಮೀನ್ ಅಲ್ಲಾಉದ್ದೀನ್ ಸಾಹೇಬರು ಬಂದು ಮನೆಯೆಲ್ಲ ಜಾಲಾಡಿದರು. ಒಂದು ಕೋಣೆ ಬಿಟ್ಟರು. ಅದರ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿತ್ತು. ತುಳಸಿಬಾಯಿಯ ಮೈದುನ ಶೇಷಗಿರಿ ಹಿಂದಿನ ಸಂಜೆಯಿಂದ ಸಿಡುಬು ಎದ್ದು ಒಳಗೆ ಮಲಗಿದ್ದ. ಊಟವನ್ನೂ ಹೊಸ್ತಿಲಲ್ಲೇ ಇಟ್ಟಿದ್ದರು.

ಉಳಿದವಳು ಕಸಮುಸುರೆಯ ದುರುಗಮ್ಮ. ಪೆಟ್ಟಿಗೆಯ ಕೋಣೆ ಗುಡಿಸುವವಳು ಅವಳೇ. ಅಮೀನರಿಗೆ ಅಷ್ಟು ಸಾಕಾಯಿತು.

"ನಾ ಮುಟ್ಟಿಲ್ರಿ ಯಪ್ಪಾ," ಎಂದಳು. ಯಾರೂ ಕೇಳಲಿಲ್ಲ.

* * *

ಅವಳನ್ನು ಠಾಣೆಗೆ ಹೊರಡಿಸುವಾಗ ಡಾಕ್ಟರ್ ಜಗನ್ನಾಥ ಎದುರಾದರು. ಸಿಡುಬಿನ ಸುದ್ದಿ ಕೇಳಿ ಬಂದಿದ್ದರು. ಸಿಡುಬಿಗೆ ದೇವಿ ಲಸಿಕೆ ಹಾಕಿಸಿಕೊಂಡಿದ್ದರಿಂದ ಹೆದರದೆ ಒಳಹೊಕ್ಕರು.

ಶೇಷಗಿರಿ ಮೈತುಂಬ ಮುತ್ತಿನಂಥ ಗುಳ್ಳೆ ಹೊತ್ತು ಗಾಢ ನಿದ್ದೆಯಲ್ಲಿದ್ದ. ಡಾಕ್ಟರು ನಾಡಿ ಹಿಡಿದರು. ಹಣೆ ಮುಟ್ಟಿದರು. ಉಸಿರನ್ನು ಬಹಳ ಹೊತ್ತು ಗಮನಿಸಿದರು. ಅಷ್ಟರಲ್ಲಿ ಒಂದು ಕಟ್ಟಿರುವೆ ಅವನ ಹೊಟ್ಟೆಯ ಮೇಲಿನ ಗುಳ್ಳೆಯೊಂದನ್ನು ಹೊತ್ತುಕೊಂಡು ಹೊರಟಿತು.

ಡಾಕ್ಟರು ಒಂದು ಕೊಡ ನೀರು ತರಿಸಿ ಅವನ ಮೇಲೆ ಸುರಿದರು. ಸಿಡುಬು ತೊಳೆದುಹೋಯಿತು. ಬೋರಮಾಳ ದಿಂಬಿನೊಳಗೆ ಸಿಕ್ಕಿತು.

* * *

ಅಮೀನರು ಹೊಸ್ತಿಲಾಚೆಯೇ ನಿಂತು, ಹೆಂಗ ತಿಳೀತು ಎಂದು ಕೇಳಿದರು.

"ಸಿಡುಬು ಹತ್ತಿದ ಮೈ ಒಲಿ ಇದ್ದಂಗ್ರಿ," ಎಂದರು ಡಾಕ್ಟರು. "ರೋಗದ ಕೂಡ ಬಡಿದಾಡಾಕ ಮೈಯೊಳಗಿನ ಕಣಕಣಾನೂ ಉರೀತದ. ಉರಿಯಾಕ ಪ್ರಾಣವಾಯು ಹೆಚ್ಚಿಗಿ ಬೇಕು. ಅದಕ್ಕ ಉಸಿರು, ನಾಡಿ ಎರಡೂ ಓಡ್ತಾವು. ಈತನ ಮೈ ತಣ್ಣಗ ಅದ. ಉಸಿರು ಮೇದು ಮಲಗಿದ ಎಮ್ಮೀದು. ಗುಳ್ಳಿ ನೆನೆಸಿದ ಸಾಬೂದಾಣಿ, ಬೆಲ್ಲದ ಪಾಕದಾಗ ಅಂಟಿಸ್ಯಾನ."

ಶೇಷಗಿರಿ ಎಲ್ಲ ಒಪ್ಪಿಕೊಂಡ. ದೇವದುರ್ಗಕ್ಕೆ ಬಂದಿದ್ದ ನಾಟಕ ಕಂಪನಿಯಲ್ಲಿ ದ್ರೌಪದಿಯ ಪಾತ್ರ ಸಿಗುವುದಿತ್ತಂತೆ, ಒಡವೆ ತಾನೇ ತಂದರೆ. ಸಿಡುಬಿನ ಕೋಣೆಯನ್ನು ಯಾರೂ ಹುಡುಕುವುದಿಲ್ಲ ಎಂದು ಲೆಕ್ಕ ಹಾಕಿದ್ದ. ನಸುಕಿನಲ್ಲಿ ಎದ್ದು ಸರ ಕದ್ದು ಮತ್ತೆ ಮಲಗಿದ್ದ.

ತುಳಸಿಬಾಯಿ ತಲೆ ತಗ್ಗಿಸಿ ದುರುಗಮ್ಮನ ಕೈ ಹಿಡಿದರು. ಆಮೇಲೆ ಮೈದುನನನ್ನು ಓಣಿಯ ಜನರ ಮುಂದೆ ನಿಲ್ಲಿಸಿ, ಅವಳ ಕ್ಷಮೆ ಕೇಳು ಎಂದರು. ಶೇಷಗಿರಿ ಕೈಜೋಡಿಸಿದ. ಕಣ್ಣಲ್ಲಿ ನೀರು ತಂದ. ಹೆಣ್ಣಿನ ಸಣ್ಣ ಕಂಠದಲ್ಲಿ ರಾಗವೆಳೆದು ಶುರುಮಾಡಿದ.

ದುರುಗಮ್ಮ ತಡೆದಳು.

"ದ್ರೌಪದಿ ಬ್ಯಾಡ್ರಿ. ಕದ್ದ ನೀವ ಕ್ಷಮಾ ಕೇಳ್ರಿ."